ಹಾಡಿನ ಡಬ್ಬಿ ಕೊಡುವುದಿಲ್ಲ

ಮೂರನೇ ಬಾಗಲಕೋಟೆ
ಇಸವಿ ೨೩೧೧, ಫೆಬ್ರವರಿ ೩೦

ಮೇಜಿನ ಡ್ರಾಯರಿನಲ್ಲಿ ಹಳೆಯ ಹಾಡಿನ ಡಬ್ಬಿ ಇಟ್ಟು ಮರೆತಿರುವ ಹಿರಿಯರಿಗೆ, ರೊಟ್ಟಿ ಬಡಿಯುವ ಬಸಲಿಂಗವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ಊರಿನ ಹೆಸರಿಗೂ ಗಾಬರಿ ಬೀಳಬೇಡಿ. ನೀರು ಏರಿದಾಗಲೆಲ್ಲ ನಮ್ಮೂರು ಗಂಟುಮೂಟೆ ಕಟ್ಟಿಕೊಂಡು ಎತ್ತರಕ್ಕೆ ಹೋಗುತ್ತದೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕ ಓದಿ ಕಲಿತು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ಯಾರೂ ಹಾಡನ್ನು ತಮ್ಮದೆಂದು ಇಟ್ಟುಕೊಳ್ಳುವುದಿಲ್ಲ. ಗೋಡೆಗಳೇ ಹಾಡುತ್ತವೆ. ಅದಕ್ಕೆ ಗೋಡೆದನಿ ಎನ್ನುತ್ತೇವೆ. ಒಳಗಿರುವವರ ನಾಡಿ ನೋಡಿಕೊಂಡು ತಾನೇ ಹಾಡು ಆರಿಸುತ್ತದೆ. ಕಣ್ಣು ಎಳೆದರೆ ಜೋಗುಳ, ಗಂಡಹೆಂಡತಿ ಜಗಳಕ್ಕೆ ನಿಂತರೆ ಕೊಳಲು. ನನ್ನ ರೊಟ್ಟಿಮನೆಯಲ್ಲಿ ಏಳೆಂಟು ಹೆಣ್ಣುಮಕ್ಕಳು ಕೂತು ಬಡಿಯುತ್ತೇವೆ. ಕೈ ನಿಧಾನವಾದರೆ ಸಾಕು, ಗೋಡೆ ತಾಳ ಏರಿಸುತ್ತದೆ. ನಮಗೆ ಗೊತ್ತಾಗದ ಹಾಗೆ ಕೈ ಓಡತೊಡಗುತ್ತದೆ. ಸಂಜೆ ರೊಟ್ಟಿಯ ಗುಡ್ಡೆ ನೋಡಿದರೆ ಕಣ್ಣಿಗೆ ಹಬ್ಬ, ಆದರೆ ತಲೆ ಬಾಚಿಕೊಳ್ಳಲು ರಟ್ಟೆ ಮೇಲೇಳುವುದಿಲ್ಲ.

ಇದಕ್ಕೆ ಜಗ್ಗದವಳು ನಮ್ಮಕ್ಕ ದುಂಡವ್ವ ಒಬ್ಬಳೇ. ರಿಪೇರಿ ಹುಸೇನಸಾಬ ಹಳೆಯ ಸಾಮಾನು ಜೋಡಿಸಿ ಅವಳಿಗೊಂದು ಹಾಡಿನ ಡಬ್ಬಿ ಮಾಡಿಕೊಟ್ಟಿದ್ದ. ನಿಮ್ಮದೇ ಮಾದರಿ: ಹೆಬ್ಬೆರಳಿನಷ್ಟು ದೊಡ್ಡದು, ಕಿವಿಗೆ ಎರಡು ವಯರು, ಬೇಕಾದರೆ ನಮ್ಮ ಮಾತನ್ನೂ ಹಿಡಿದಿಡುತ್ತದೆ. ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಅವಳು ತನ್ನ ಪಾಡಿಗೆ ತಾನು ರೊಟ್ಟಿ ಬಡಿಯುತ್ತಿದ್ದಳು.

ಬರೀ ಹೊಗಳಲು ಕೂತಿದ್ದೇನೆ ಅಂದುಕೊಳ್ಳಬೇಡಿ. ಅದರ ಕಾಟ ನಾನು ಕಂಡಷ್ಟು ಯಾರೂ ಕಂಡಿಲ್ಲ. ಕಿವಿಗೆ ವಯರು ಸಿಕ್ಕಿಸಿಕೊಂಡರೆ ಗಂಟಲು ಹರಿಯುವ ಹಾಗೆ ಕೂಗಿದರೂ ಅಕ್ಕನಿಗೆ ಕೇಳಿಸುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರಿದರೂ ತಲೆ ಆಡಿಸುತ್ತ ಕೂತಿರುತ್ತಿದ್ದಳು. ವಯರು ದಿನಾ ಸಿಕ್ಕಾಗುತ್ತಿತ್ತು, ಬಿಡಿಸುವ ಕೆಲಸ ನನ್ನದು. ಚಾರ್ಜು ಹಾಕಿ ಬಾಣಂತಿಯ ಹಾಗೆ ನೋಡಿಕೊಳ್ಳಬೇಕು, ಹಿಟ್ಟು ಬೀಳಬಾರದು, ನೀರು ತಾಗಬಾರದು. ಇಷ್ಟೆಲ್ಲ ಮಾಡಿದರೂ ಹಾಡುವುದು ಅದೇ ಹಾಡುಗಳನ್ನು. ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಆದರೆ ಅದಕ್ಕೆ ನಮ್ಮ ನಾಡಿಯ ಗೊಡವೆ ಇಲ್ಲ. ನೀವು ಓಡಿರಿ, ಕೂತಿರಿ, ಅದು ತನ್ನ ಹಾಡನ್ನು ತನ್ನ ನಡಿಗೆಯಲ್ಲೇ ಹಾಡುತ್ತದೆ. ಸಂತೋಷದ ದಿನ ದುಃಖದ ಹಾಡು ಬೇಕೆಂದರೆ ಯಾಕೆ ಎಂದು ಕೇಳುವುದಿಲ್ಲ. ನೀವು ಏನು ಕೇಳಿದಿರಿ ಎಂದು ಇನ್ನೊಬ್ಬರ ಮುಂದೆ ಬಾಯಿ ಬಿಡುವುದಿಲ್ಲ. ಅಕ್ಕನ ರಟ್ಟೆ ಕೊನೆಯವರೆಗೂ ನೋಯಲಿಲ್ಲ.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹೆಣದ ಮುಂದೆ ಕೂತು ಬಾಯಿ ತೆರೆದೆ, ನೋಡಿ, ಗೋಡೆ ನನ್ನ ನಾಡಿ ಹಿಡಿದು ಮೆತ್ತಗೆ ವೀಣೆ ಶುರು ಮಾಡಿತು. ಬಂದ ಸೀನು ನಿಂತ ಹಾಗೆ ಅಳು ನಿಂತಿತು. ನಮ್ಮೂರಿನಲ್ಲಿ ಯಾರೂ ಪೂರ್ತಿ ಅತ್ತವರಿಲ್ಲ. ಒಡಹುಟ್ಟಿದವಳು ಹೋಗಿದ್ದಾಳೆ, ಎದೆ ಕಲ್ಲಾಗಿ ಕೂತಿದೆ, ಕಿವಿಯಲ್ಲಿ ವೀಣೆ! ಅವಮಾನವಾಯಿತು ನನಗೆ.

ಆಮೇಲೆ ಅವಳ ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದು ವಯರು ಕಿವಿಗಿಟ್ಟೆ. ಹಾಡುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅಕ್ಕನದೇ ದನಿ ಇತ್ತು. ರೊಟ್ಟಿ ಬಡಿಯುತ್ತಲೇ ಯಾವುದೋ ಬೀಸುಕಲ್ಲಿನ ಪದ ಹಿಡಿದಿದ್ದಾಳೆ. ಶ್ರುತಿ ಎತ್ತಲೋ, ಅವಳು ಎತ್ತಲೋ. ನಡುವೆ ಕೆಮ್ಮುತ್ತಾಳೆ, ಸಾಲು ಮರೆತು ನನ್ನನ್ನು ಬೈಯುತ್ತಾಳೆ, ಮತ್ತೆ ಕೆಮ್ಮಿ ಮುಂದುವರಿಸುತ್ತಾಳೆ.

ನಮ್ಮಲ್ಲೊಂದು ಪದ್ಧತಿ ಇದೆ. ತೀರಿಕೊಂಡವರ ದನಿಯನ್ನು ದಿವಸದ ಊಟಕ್ಕೆ ಮೊದಲು ದನಿಮನೆಗೆ ಒಪ್ಪಿಸಬೇಕು. ಅಲ್ಲಿ ಅದನ್ನು ತೊಳೆದು ಗೋಡೆದನಿಗೆ ಸೇರಿಸುತ್ತಾರೆ. ಸತ್ತವರು ಊರಿಗೆಲ್ಲ ಹಾಡುತ್ತಾರೆ. ದೊಡ್ಡ ಗೌರವ ಅದು. ನಾನು ಒಪ್ಪಿಸಲಿಲ್ಲ. ದನಿಮನೆಯ ಅನಘಾ ಮೇಡಂ ಕರೆಸಿದರು. ಕೆಟ್ಟವರಲ್ಲ, ಚಹಾ ಕೊಟ್ಟು ಕೂರಿಸಿದರು. ಒಂದು ವಯರು ತಮ್ಮ ಕಿವಿಗಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ನನ್ನ ಕೈ ಹಿಡಿದು, ಚಿಂತೆ ಬೇಡ, ಕೆಮ್ಮು, ಬೈಗುಳ, ರೊಟ್ಟಿಯ ಸದ್ದು ಎಲ್ಲ ತೆಗೆದು ಶ್ರುತಿ ಸರಿಮಾಡುತ್ತೇವೆ, ನಿಮ್ಮಕ್ಕ ಬಂಗಾರದ ಹಾಗೆ ಹೊಳೆಯುತ್ತಾರೆ ಎಂದರು.

"ಅಕಿ ಕೆಮ್ಮು ತಗದ್ರ ಅಕಿ ನಮ್ಮಕ್ಕ ಅಲ್ರೀ," ಎಂದೆ. "ನಾ ಕೊಡೂದಿಲ್ಲ."

ಆಗ ಅವರು ನಿಜ ಹೇಳಿದರು. ಡಬ್ಬಿಯ ಬ್ಯಾಟರಿ ಉಬ್ಬಿದೆ, ಮಳೆಗಾಲ ಕಾಣುವುದಿಲ್ಲ, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ. ಡಬ್ಬಿಯಿಂದ ದನಿ ತೆಗೆಯುವ ಯಂತ್ರ ದನಿಮನೆಯಲ್ಲಿ ಮಾತ್ರ ಇದೆ, ಅದು ತೊಳೆಯದೆ ತೆಗೆಯುವುದಿಲ್ಲ. ಕೊಟ್ಟರೆ ಅಕ್ಕ ಊರಿರುವವರೆಗೂ ಹಾಡುತ್ತಾಳೆ. ಇಟ್ಟುಕೊಂಡರೆ ಕೆಲವು ತಿಂಗಳಲ್ಲಿ ಅವಳೂ ಇಲ್ಲ, ಅವಳ ದನಿಯೂ ಇಲ್ಲ. ಮೇಲಾಗಿ ಪದ್ಧತಿ ಮುರಿದವರ ಗೋಡೆ ಮೂಕವಾಗುತ್ತದೆ. ಹುಸೇನಸಾಬನನ್ನು ಕೇಳಿದೆ. ಬ್ಯಾಟರಿಯ ಮಾತು ಖರೆ ಎಂದು ತಲೆ ತಗ್ಗಿಸಿದ.

ಹೆಣ್ಣುಮಕ್ಕಳನ್ನು ಕೂರಿಸಿ ಹೇಳಿದೆ: ಡಬ್ಬಿ ಕೊಡದಿದ್ದರೆ ನಮ್ಮ ಗೋಡೆ ಮೂಕವಾಗುತ್ತದೆ, ಹೊಟ್ಟೆಪಾಡು ನಿಮ್ಮದೂ ಇದೆ, ನೀವು ಬೇಡವೆಂದರೆ ಕೊಟ್ಟುಬಿಡುತ್ತೇನೆ. ಒಬ್ಬಳೂ ಎದ್ದು ಹೋಗಲಿಲ್ಲ.

ಇವತ್ತು ಬೆಳಗ್ಗೆ ದನಿಮನೆಯವರು ಬಂದು ಗೋಡೆಯ ಬಾಯಿ ಮುಚ್ಚಿಸಿ ಹೋದರು. ಹುಟ್ಟಿದಂದಿನಿಂದ ನಾವು ಕೇಳದಿದ್ದ ಮೌನ. ಮೊದಲು ಕೈ ತಡವರಿಸಿತು. ರೊಟ್ಟಿ ಒಂದು ದಪ್ಪ, ಒಂದು ತೆಳುವು, ಮಧ್ಯಾಹ್ನದ ಹೊತ್ತಿಗೆ ಅರ್ಧ ಗುಡ್ಡೆಯೂ ಇಲ್ಲ. ಗಿರಾಕಿಗಳು ಗೊಣಗಿದರು. ಗೊಣಗಲಿ. ಈಗ ಇಬ್ಬಿಬ್ಬರು ಸರದಿಯಲ್ಲಿ ಒಂದೊಂದು ವಯರು ಹಂಚಿಕೊಂಡು ಅಕ್ಕನನ್ನು ಕೇಳುತ್ತಿದ್ದಾರೆ. ಅವಳು ಬೈಯುವ ಜಾಗ ಬಂದಾಗ ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ಕೇಳಿದಷ್ಟೂ ಬ್ಯಾಟರಿ ಇಳಿಯುತ್ತದೆ, ನನಗೆ ಗೊತ್ತು. ಕೇಳಲಿ ಬಿಡಿ.

ನಿಮ್ಮಲ್ಲಿ ಒಂದು ಕೇಳಿಕೆ. ಆ ಡಬ್ಬಿ ಹೊರಗೆ ತೆಗೆಯಿರಿ. ಮನೆಯಲ್ಲಿ ಯಾರಾದರೂ ಅಪಸ್ವರದಲ್ಲಿ ಗುನುಗುತ್ತಿದ್ದರೆ ಹಿಡಿದಿಡಿ. ಕುಕ್ಕರ್ ಕೂಗಲಿ, ಬಾಗಿಲು ಬಡಿಯಲಿ, ಯಾರನ್ನೂ ಸುಮ್ಮನಿರಿಸಬೇಡಿ. ಆಮೇಲೆ ಯಾರಾದರೂ ಚಂದ ಮಾಡಿಕೊಡುತ್ತೇವೆ ಎಂದು ಬಂದರೆ ಚಹಾ ಕೊಟ್ಟು ಕಳಿಸಿ.

ಮಳೆ ಬರುವುದರೊಳಗೆ ಒಂದು ದಿನ ನಮ್ಮಕ್ಕ ಅರ್ಧ ಸಾಲಿನಲ್ಲಿ ನಿಂತುಹೋಗುತ್ತಾಳೆ. ಅವತ್ತು ನಾನು ನನ್ನ ರೊಟ್ಟಿಮನೆಯಲ್ಲಿ ನೆಲಕ್ಕೆ ಕೂತು ಅಳುತ್ತೇನೆ. ಊರು ಕೇಳಲಿ. ನನ್ನನ್ನು ಸುಮ್ಮನಿರಿಸಲು ಗೋಡೆಗೆ ಬಾಯಿ ಇರುವುದಿಲ್ಲ.