ಹನ್ನೆರಡು ಸಂಜೆ ಉರಿದ ಬಿಳಿ ದೀಪ

ಕಾವಿನ ಶಕ ಅರವತ್ತೆರಡು, ಆರನೆಯ ಬಿಸಿತಿಂಗಳು, ದಿನಾಂಕ ಮೂವತ್ತೆಂಟು.
ಕೃಷ್ಣೆಯ ದಂಡೆ.

ಸುಮಂಗಲಾ ಅಜ್ಜಿಯವರಿಗೆ ದಾಕ್ಷಾಯಣಿಯ ನಮಸ್ಕಾರಗಳು.

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ಯಾಕೆಂದು ಹೇಳುತ್ತ ಕೂತರೆ ಕಾಗದ ಅಲ್ಲೇ ಮುಗಿಯುತ್ತದೆ. ನೀವು ನನ್ನ ಅಜ್ಜಿಯ ಅಜ್ಜಿಗೆ ಅಜ್ಜಿ. ಇದನ್ನು ಓದುವಾಗ ನಿಮಗೆ ಮದುವೆಯೂ ಆಗಿರಲಿಕ್ಕಿಲ್ಲ, ಆದರೂ ಅಜ್ಜಿ ಎನ್ನದೆ ನನಗೆ ಬೇರೆ ದಾರಿಯಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತುಗಳೂ ನಮಗೆ ಹಾಗೆಯೇ. ಮೊನ್ನೆ ಎಲ್ಲೋ 'ಭಾನುವಾರದ ಬೆಳಗಿನ ನಿದ್ದೆ' ಎಂದು ಓದಿ, ಹಾಗೆಂದರೇನು ಎಂದು ಮೂವರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ನಿಮ್ಮದೊಂದು ಅರ್ಜಿ ನಮ್ಮ ಮನೆಯಲ್ಲಿ ಉಳಿದಿದೆ. ನೀವು ನರ್ಸ್ ಆಗಿದ್ದ ಆಸ್ಪತ್ರೆಗೆ ಬರೆದದ್ದು. ಎಷ್ಟು ಬೇಗ ಹಾಸಿಗೆಗೆ ಹೋದರೂ ರಾತ್ರಿ ಒಂದು ಗಂಟೆಗೆ ಮೊದಲು ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಆರಕ್ಕೆ ಎದ್ದರೆ ತಲೆ ಓಡುವುದಿಲ್ಲ, ಇದು ನನ್ನ ತಪ್ಪಲ್ಲ, ಆದ್ದರಿಂದ ಮಧ್ಯಾಹ್ನದ ಪಾಳಿಗೆ ಹಾಕಿಕೊಡಬೇಕು ಎಂದು ಕೇಳಿದ್ದೀರಿ. ಕೆಳಗೆ ಯಾರೋ 'ಆಗಬಹುದು' ಎಂದು ಬರೆದು ರುಜು ಹಾಕಿದ್ದಾರೆ. ಆ ಒಂದು ಪದ ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚು, ಅಜ್ಜಿ. ನಿಮ್ಮನ್ನು ಸೋಮಾರಿ ಎಂದು ಬೈದವರಿದ್ದಿರಬಹುದು. ಆದರೆ ನಿಮಗೆ ಹೋಗಿ ಸೇರಿಕೊಳ್ಳಲು ಇನ್ನೊಂದು ಪಾಳಿ ಇತ್ತು.

ನಮಗಿರುವುದು ಒಂದೇ. ಬಿಸಿಲು ಏರಿದ ಮೇಲೆ ಇಲ್ಲಿ ಬಯಲಿಗೆ ಕಾಲಿಡಲಾಗದು. ಊರು ನಸುಕಿನ ಮೂರು ಗಂಟೆಗೆ ಏಳುತ್ತದೆ. ಮೂರೂವರೆಗೆ ತೊಟ್ಟಿಗೆ ನೀರು ಬಿಡುತ್ತಾರೆ, ನಾಲ್ಕಕ್ಕೆ ಶಾಲೆ, ಆಮೇಲೆ ಹೊಲ, ಸಂತೆ, ಮದುವೆ, ಮಣ್ಣು ಎಲ್ಲವೂ. ಹತ್ತು ಹೊಡೆಯುತ್ತಲೇ ಕದಹೊತ್ತು ಶುರು. ಅಂದರೆ ಎಲ್ಲರ ಮನೆಯ ಕದ ಬೀಳುತ್ತದೆ, ಸಂಜೆಯವರೆಗೆ ತೆರೆಯುವಂತಿಲ್ಲ. ಉಂಡವರು ಮಲಗುತ್ತಾರೆ, ಇಳಿಹೊತ್ತಿಗೆ ಎದ್ದು ಒಂದಿಷ್ಟು ಗಂಜಿ ಕುಡಿದು ಏಳಕ್ಕೆಲ್ಲ ಮತ್ತೆ ಮಲಗುತ್ತಾರೆ. ನನ್ನ ಮೈಗೆ ಮಾತ್ರ ಬೆಳಗಾಗುವುದು ಕದ ಬೀಳುವಾಗ. ನನ್ನಂಥವರಿಗೆ ತಡಗಣ್ಣಿನವರು ಎಂದು ಹೆಸರು. ನಮಗೆ ಕೊಡುವುದು ಒಳಗೆ ಕೂತು ಮಾಡುವ ಕೆಲಸ. ನಾನು ಬಿಸಿಲುಪರದೆಗಳಿಗೆ ತೇಪೆ ಹಾಕುತ್ತೇನೆ.

ನನ್ನ ತಂಗಿ ಸುವರ್ಣಾ ನಮ್ಮ ಓಣಿಯ ಎಚ್ಚರಗಿತ್ತಿಯಾಗಿದ್ದವಳು. ಕೋಲು ಹಿಡಿದು ನಲವತ್ತೆರಡು ಮನೆಯ ಬಾಗಿಲು ತಟ್ಟಿ ಜನರನ್ನು ಎಬ್ಬಿಸುವ ಕೆಲಸ ಅದು, ಊರಲ್ಲಿ ಅದಕ್ಕಿಂತ ಮರ್ಯಾದೆಯ ಕೆಲಸ ಇಲ್ಲ. ಅವಳನ್ನು ಯಾರೂ ಎಬ್ಬಿಸಬೇಕಿಲ್ಲ. ಎರಡೂವರೆಗೆ ತಾನಾಗಿಯೇ ಕಣ್ಣು ಬಿಡುತ್ತಾಳೆ, ಅದೂ ನಗುನಗುತ್ತ. ಆ ನಗುವನ್ನು ನಾನು ಕಂಡದ್ದು ಕಡಿಮೆ, ಕಂಡಾಗಲೆಲ್ಲ ಮೈ ಉರಿದಿದೆ. ಒಂದೇ ತಾಯಿಯ ಹಾಲು ಕುಡಿದವರು ನಾವು.

ನನ್ನ ಮಗಳು ನಂದಾಗೆ ಈಗ ಏಳು ವರ್ಷ. ಗಂಡ ಅಣೆಕಟ್ಟಿನ ಕೆಲಸದಲ್ಲಿ ತಿಂಗಳಿಗೊಮ್ಮೆ ಬರುವವನು, ಹಾಗಾಗಿ ಮನೆಯಲ್ಲಿ ಇದ್ದದ್ದು ನಾವು ಮೂವರೇ. ಮಗುವನ್ನು ಎಬ್ಬಿಸಿ, ಹೆರಳು ಹಾಕಿ, ರೊಟ್ಟಿ ತಿನ್ನಿಸಿ ಶಾಲೆಗೆ ಕಳಿಸುತ್ತಿದ್ದವಳು ಸುವರ್ಣಾ. ಅಂಥವಳನ್ನು ನಮ್ಮಲ್ಲಿ ಬೆಳಗಿನವ್ವ ಎನ್ನುತ್ತಾರೆ. ನನ್ನ ಪಾಲಿಗೆ ಬರುತ್ತಿದ್ದದ್ದು ದಣಿದು ತೂಕಡಿಸುವ ಮಗು. ಒಮ್ಮೆ ಶಾಲೆಯಲ್ಲಿ ಮನೆಯವರ ಚಿತ್ರ ಬರೆಸಿದ್ದರು. ನಂದಾ ತನ್ನ ಚಿಗವ್ವನನ್ನು ಕೋಲು ಹಿಡಿದು ನಿಂತಂತೆ ಬರೆದಿದ್ದಳು. ನನ್ನನ್ನು ಚಾಪೆಯ ಮೇಲೆ ಅಡ್ಡಲಾಗಿ ಬರೆದು, ಕಣ್ಣಿನ ಜಾಗದಲ್ಲಿ ಎರಡು ಗೆರೆ ಎಳೆದಿದ್ದಳು. ಊರವರು ನೋಡಿ ನಕ್ಕರು, ನಾನೂ ನಕ್ಕೆ.

ಮಗುವಿಗೆ ಏಳು ತುಂಬಿದ ವರ್ಷ ಹೊಸ್ತಿಲ ದಿನ ಬರುತ್ತದೆ. ಅಂದು ನಾಲ್ಕು ಗಂಟೆಗೆ ಹಿರಿಯರು ಶಾಲೆಯ ಕಟ್ಟೆಯ ಮೇಲೆ ಕೂತು, ನಿನ್ನನ್ನು ಎಬ್ಬಿಸಿ ಕರೆತಂದವರು ಯಾರು ಎಂದು ಮಗುವನ್ನೇ ಕೇಳುತ್ತಾರೆ. ಅದು ಯಾರ ಹೆಸರು ಹೇಳುತ್ತದೋ ಅವರ ಮನೆಯಲ್ಲೇ ಹದಿನೈದು ತುಂಬುವವರೆಗೆ ಬೆಳೆಯಬೇಕು. ಒಂದೇ ಸೂರಿನಡಿ ಇದ್ದಾಗ ಯಾರ ಹೆಸರಾದರೇನು ಎಂದುಕೊಂಡಿದ್ದೆ. ಅಷ್ಟರಲ್ಲಿ ಸುವರ್ಣಾಗೆ ಹೊಳೆಯಾಚೆಯ ಗಂಡು ಗೊತ್ತಾಯಿತು. ಅವಳ ಹೆಸರು ಹೇಳಿದರೆ ನನ್ನ ಮಗು ಅವಳ ಹಿಂದೆ ಹೊಳೆ ದಾಟುತ್ತದೆ. ಆ ದಿನ ನಾನೇ ಎಬ್ಬಿಸಿ ಕರೆದೊಯ್ಯುತ್ತೇನೆ ಎಂದು ತಂಗಿಗೆ ಹೇಳಿದ್ದೆ. ನಿನ್ನನ್ನು ಮೊದಲು ಎಬ್ಬಿಸಿ ಆಮೇಲೆ ಮಗುವನ್ನು ಎಬ್ಬಿಸುತ್ತೇನೆ, ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಅದೇ ಚುಚ್ಚಿತು.

ಸಂಜೆ ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಮೈಯ ಗಡಿಯಾರ ಹಿಂದೆ ಬೀಳುತ್ತದೆ ಎಂದು ವೈದ್ಯರು ನನಗೆ ಕೆಂಪು ದೀಪ ಮಾತ್ರ ಕೊಟ್ಟಿದ್ದರು. ಅವರು ನನ್ನನ್ನು ಕಾಯಲು ಹೇಳಿಕೊಟ್ಟದ್ದನ್ನು ನಾನು ತಂಗಿಯ ಮೇಲೆ ಬಳಸಿದೆ. ತೇಪೆ ಕೆಲಸಕ್ಕೆಂದು ಬಿಳಿ ದೀಪ ತಂದು, ನಂದಾಳ ಹೊಸ ಕುಪ್ಪಸಕ್ಕೆ ಇಬ್ಬರೂ ಸೇರಿ ಕಸೂತಿ ಹಾಕೋಣ ಎಂದು ಸುವರ್ಣಾಳನ್ನು ಕರೆದೆ. ಏಳಕ್ಕೆ ಮಲಗುವವಳನ್ನು ರಾತ್ರಿ ಹತ್ತರವರೆಗೆ ಕೂರಿಸಿಕೊಂಡೆ. ದೀಪ ಅವಳ ಮುಖದ ಕಡೆಗೇ ಇತ್ತು. ಹೀಗೆ ಹನ್ನೆರಡು ಸಂಜೆ. ಅಕ್ಕ ಇಷ್ಟು ವರ್ಷಕ್ಕೆ ತನ್ನ ಜೊತೆ ಕೂತಳಲ್ಲ ಎಂದು ಅವಳು ಹಿಗ್ಗಿದಳು, ಚಿಕ್ಕಂದಿನ ಕತೆಗಳನ್ನೆಲ್ಲ ತೆಗೆದಳು. ಐದನೆಯ ಬೆಳಿಗ್ಗೆಗೆ ಅವಳ ಕಣ್ಣು ಕೆಂಪಾಗಿತ್ತು. ಎಂಟನೆಯ ಬೆಳಿಗ್ಗೆ ತಣ್ಣೀರು ಎರಚಿಕೊಂಡು ಓಡಿದಳಂತೆ. ಅದನ್ನು ಕೇಳಿ ನನಗೆ ಆದದ್ದು ಸಂತೋಷವೇ, ಅಜ್ಜಿ. ಆ ಸಂಜೆಗಳೂ ಸಂತೋಷದವೇ ಆಗಿದ್ದವು, ಅದನ್ನು ಹೇಗೆ ಬರೆಯಬೇಕೋ ತಿಳಿಯದು.

ಹೊಸ್ತಿಲ ದಿನದ ಹಿಂದಿನ ಸಂಜೆ ಅವಳು ಕಲ್ಲಿನಂತೆ ಬಿದ್ದು ಮಲಗಿದಳು. ನಾನು ಮಲಗದೆ ಮೂರರವರೆಗೆ ಕೂತಿದ್ದು ಮಗುವನ್ನು ಎಬ್ಬಿಸುವುದೆಂದು ಗೋಡೆಗೆ ಒರಗಿ ಕೂತೆ. ಇಷ್ಟು ವರ್ಷಗಳಲ್ಲಿ ಮೂರು ಗಂಟೆಗೆ ನನ್ನನ್ನು ಎಬ್ಬಿಸಲು ಆದದ್ದು ಅವಳೊಬ್ಬಳಿಗೇ ಎಂಬುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ನನಗೆ ಎಚ್ಚರವಾದಾಗ ಒಂಬತ್ತಾಗಿತ್ತು.

ಸುವರ್ಣಾ ಎದ್ದದ್ದು ಐದೂವರೆಗೆ. ನಲವತ್ತೆರಡು ಮನೆಗೆ ಆ ದಿನ ನೀರಿಲ್ಲ. ನಂದಾ ಅಷ್ಟರಲ್ಲಿ ತಾನಾಗಿ ಎದ್ದು, ಗುಂಡಿಗಳನ್ನು ಹಿಂದುಮುಂದಾಗಿ ಹಾಕಿಕೊಂಡು, ಒಬ್ಬಳೇ ಕಟ್ಟೆಯ ಮುಂದೆ ನಿಂತಿದ್ದಳಂತೆ. ಹಿರಿಯರು ಕೇಳಿದಾಗ ಹೇಳಿದಳಂತೆ:

"ಯಾರೂ ಎಬ್ಬಸಿಲ್ರಿ. ಇಬ್ರೂ ಮಕ್ಕೊಂಡಾರ. ನಾನ ಎದ್ದು ಬಂದೀನಿ."

ಹೆಸರು ಹೇಳದ ಮಗು ಊರೇ ಸಾಕುವ ಊರಮನೆಗೆ ಸೇರುತ್ತದೆ. ನಂದಾ ಈಗ ಅಲ್ಲಿ ಉಳಿದ ಹದಿನಾಲ್ಕು ಮಕ್ಕಳ ಜೊತೆ ಮಲಗುತ್ತಾಳೆ, ಏಳುತ್ತಾಳೆ. ಎಂಟು ದಿನಕ್ಕೊಮ್ಮೆ ನಮ್ಮಲ್ಲಿಗೆ ಬಿಡುತ್ತಾರೆ. ಹೋದ ಸಲ ಬಂದಾಗ ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟಳು, ಪರರ ಮನೆಗೆ ಬಂದವಳ ಹಾಗೆ. ಸುವರ್ಣಾಳ ಕೈಯಿಂದ ಕೋಲು ಕಸಿದು ಇನ್ನೊಬ್ಬಳಿಗೆ ಕೊಟ್ಟಿದ್ದಾರೆ. ಗಂಡಿನ ಕಡೆಯವರು ಸುಮ್ಮನಾಗಿದ್ದಾರೆ. ಅವಳಿಗೆ ನನ್ನ ಮೇಲೆ ಲವಲೇಶವೂ ಅನುಮಾನವಿಲ್ಲ. ತನಗೂ ತಡಗಣ್ಣು ಬಂದಿದೆ ಎಂದು ತಿಳಿದಿದ್ದಾಳೆ. ಒಂದು ದಿನ ನನ್ನ ಪಕ್ಕ ಕೂತು ಹೇಳಿದಳು:

"ಅಕ್ಕ, ನಿನ್ನ ಸಂಕಟ ಏನಂತ ಈಗ ತಿಳೀತು ನೋಡು. ಇಷ್ಟ ವರ್ಷ ಒಳಗೊಳಗ ನಿನ್ನ ಮ್ಯಾಲ ಸಿಟ್ಟಾಗೀನಿ. ತಪ್ಪಾತು."

ನನ್ನ ಸಂಕಟ ಅವಳಿಗೆ ತಿಳಿದಿಲ್ಲ. ಬಿಳಿ ದೀಪ ಆರಿಸಿದ ಹತ್ತೇ ದಿನಕ್ಕೆ ಅವಳು ಮತ್ತೆ ಎರಡೂವರೆಗೆ ಏಳತೊಡಗಿದಳು. ಕೋಲಿಲ್ಲ, ಹೋಗಲು ಮನೆಗಳಿಲ್ಲ, ಸುಮ್ಮನೆ ಎದ್ದು ಬಾಗಿಲಲ್ಲಿ ಕೂರುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಹೊಸ್ತಿಲ ದಿನದ ಬರಹ ತಪ್ಪೆಂದು ತೋರಿಸಲು ನಲವತ್ತು ದಿನ ಅವಕಾಶ. ಇಂದಿಗೆ ಮೂವತ್ತೆಂಟಾಯಿತು, ಆ ಅವಧಿಯೊಳಗೆ ಹಿರಿಯರು ಕೂರುವುದು ನಾಳೆಯೇ ಕೊನೆಯ ಸಲ. ನಾನು ನಡೆದದ್ದನ್ನು ಹೇಳಿದರೆ ಕೋಲು ಸುವರ್ಣಾಳ ಕೈಗೆ ಮರಳುತ್ತದೆ, ಮದುವೆಯೂ ನಿಲ್ಲದು, ಎಬ್ಬಿಸಬೇಕಿದ್ದವಳು ಅವಳೇ ಎಂದು ಮಗುವಿನ ಹೆಸರಿನ ಮುಂದೆ ಅವಳ ಹೆಸರು ಬರೆಯುತ್ತಾರೆ. ನನ್ನ ನಂದಾ ಊರಮನೆಯ ಚಾಪೆ ಬಿಟ್ಟು ಅವಳ ಕೈ ಹಿಡಿದು ಹೊಳೆ ದಾಟುತ್ತಾಳೆ. ಹೇಳದಿದ್ದರೆ ಮಗು ಇಬ್ಬರಿಗೂ ಇಲ್ಲ. ಇಷ್ಟು ದಿನ ನಾನು ಸುಮ್ಮನಿದ್ದದ್ದು, ಇಬ್ಬರಿಗೂ ಇಲ್ಲವಾದರೆ ತಡೆದುಕೊಳ್ಳಬಲ್ಲೆ ಎಂಬ ಕಾರಣಕ್ಕೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಮ್ಮ ಮೈ ತಡವಾಗಿ ಏಳುವುದು ನಮ್ಮ ತಪ್ಪಲ್ಲ ಎಂದು ನೀವು ಅರ್ಜಿಯಲ್ಲಿ ಬರೆದಿದ್ದೀರಿ. ಅದು ನಿಜ. ಆದರೆ ನನ್ನ ಈ ಕೆಲಸವನ್ನು ಅದರ ತಲೆಗೆ ಕಟ್ಟಬೇಡಿ. ದೀಪವನ್ನು ತಂಗಿಯ ಮುಖಕ್ಕೆ ತಿರುಗಿಸುವಾಗ ನಾನು ಪೂರ್ತಿ ಎಚ್ಚರವಾಗಿದ್ದೆ.

ನಾಳೆ ಮೂರಕ್ಕೆ ನನ್ನನ್ನು ಎಬ್ಬಿಸು ಎಂದು ಈಗಷ್ಟೇ ಸುವರ್ಣಾಗೆ ಹೇಳಿ ಬಂದೆ. ಯಾಕೆಂದು ಕೇಳಿದಳು. ಕಟ್ಟೆಗೆ ಹೋಗಿ ಒಂದು ಮಾತು ಹೇಳುವುದಿದೆ ಎಂದೆ. ತನ್ನ ಪರವಾಗಿ ಬೇಡಿಕೊಳ್ಳಲು ಹೊರಟಿದ್ದೇನೆಂದು ತಿಳಿದು, ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ನಿಮ್ಮ ವಂಶದ ತಡಗಣ್ಣಿನವಳು,
ದಾಕ್ಷಾಯಣಿ