ಲೋಟದ ತುಂಬ ಹೊಂಗೆ ಜೇನು

ತಗಡೂರು
16-4-1998

ಪ್ರೀತಿಯ ಅವ್ವನಿಗೆ,

ನಿನ್ನ ರಂಜನಿಯ ನಮಸ್ಕಾರ. ಯುಗಾದಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಇಂದು ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮಗು ಕೆಳಗಿಟ್ಟರೆ ಅಳುತ್ತದೆ. ಅವನು ಮಲಗಿದರೂ ನಾನು ಮಲಗುವುದಿಲ್ಲ. ಉಸಿರಾಡುತ್ತಿದ್ದಾನೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾ ಕೂರುತ್ತೇನೆ. ಬಿ.ಎಸ್ಸಿ. ಓದಿದವಳ ಗತಿ ನೋಡು ಎಂದು ಇವರು ನಗುತ್ತಾರೆ.

ನನ್ನ ದೊಡ್ಡವಳು ಅರ್ಪಿತ ಅಲ್ಲಿ ದಿನವೂ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತಾಳೆ, ಬಸ್ಸಿನ ಹಾರ್ನ್ ಕೇಳಿದರೆ ಎದ್ದು ನಿಲ್ಲುತ್ತಾಳೆ ಎಂದು ನೀನು ಬರೆದಿದ್ದೆ. ಬಾಣಂತನ ಮುಗಿಸಿ ಸೋಸಲೆಯಿಂದ ಹೊರಡುವ ಹಿಂದಿನ ದಿನ ನಾನೇ ಅವಳಿಗೆ ಹೇಳಿದ್ದೆ, "ಹೊಂಗೆ ಹೂ ಬಿಡ್ಲಿ ಕಂದ, ತಗಡೂರಜ್ಜಿ ಪೆಟ್ಟಿಗೇಲಿ ಜೇನಾಗ್ಲಿ. ನಿನ್ನ ಲೋಟದ ತುಂಬ ತಂದ್ಕೊಟ್ಟು ಮನೆಗೆ ಕರ್ಕೊಂಡೋಗ್ತೀನಿ" ಎಂದು. ಅವ್ವ, ಈ ಸಲ ಜೇನು ಬರಲಿಲ್ಲ. ತಪ್ಪು ನನ್ನದು.

ಹಿತ್ತಲ ಹೊಂಗೆ ಮೈತುಂಬ ಹೂ ಬಿಟ್ಟಿತ್ತು. ನೆಲದ ಮೇಲೆ ಕಡಲೆಪುರಿ ಚೆಲ್ಲಿದ ಹಾಗೆ. "ಎಲ್ಡು ವಾರದ ನೆಂಟ ಕಣವ್ವ ಇದು, ಅಷ್ಟ್ರಲ್ಲೇ ತುಂಬುಸ್ಕಬೇಕು ಹುಳ" ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಅಲ್ಲಿನ ಜೇನುಪೆಟ್ಟಿಗೆಗೆ ಕಿವಿಯಿಟ್ಟು ಬರುತ್ತಿದ್ದರು. ಒಂದು ದಿನ ಒಂದು ಹುಳ ತೊಟ್ಟಿಲ ಬಟ್ಟೆಯ ಮೇಲೆ ಬಂದು ಕೂತಿತು. ಕಚ್ಚಲಿಲ್ಲ. ನಾನು ಮಾತ್ರ ಮಗುವನ್ನು ಬಾಚಿ ಎತ್ತಿಕೊಂಡೆ. ಪೆಟ್ಟಿಗೆ ದೂರ ಇಡಿಸಿ ಎಂದು ಅತ್ತೆಯನ್ನು ಗೋಗರೆದೆ. "ಒಂಗೆ ಮುಗೀಲಿ, ನಾನೇ ಎತ್ತಿಡ್ತೀನಿ" ಅಂದರು.

ಮಾರನೆಯ ದಿನ ಅವರು ಮುಡುಕುತೊರೆಗೆ ನೆಂಟರ ಗೃಹಪ್ರವೇಶಕ್ಕೆ ಹೋದರು. ಗದ್ದೆ ಕೆಲಸಕ್ಕೆ ಬಂದಿದ್ದ ಮರಿಯಯ್ಯನಿಗೆ ಹೇಳಿ, ಹಾಡುಹಗಲಲ್ಲೇ ಪೆಟ್ಟಿಗೆಯನ್ನು ಬಾವಿಯಾಚೆ ಇಡಿಸಿಬಿಟ್ಟೆ. "ಮೂತಿ ಊದುದ್ರೆ ನಮ್ಮೆಂಡ್ರು ಬಾಗ್ಲು ತೆಗ್ಯಕಿಲ್ಲ ಕಣ್ರವ್ವ" ಎಂದು ನಗುತ್ತಲೇ ಹೊತ್ತುಕೊಂಡು ಹೋದ.

ಸಂಜೆ, ಮೇಯಲು ಹೋಗಿದ್ದ ಹುಳಗಳೆಲ್ಲ ಹಳೆಯ ಜಾಗಕ್ಕೇ ಬಂದವು. ಬಾಗಿಲು ಹುಡುಕಿ ಸುತ್ತಿ ಸುತ್ತಿ, ಕೊನೆಗೆ ಪೆಟ್ಟಿಗೆಯಿದ್ದ ಖಾಲಿ ಕಲ್ಲಿಗೇ ಮುದ್ದೆಯಾಗಿ ಅಂಟಿಕೊಂಡವು. ಬಾವಿ ಕೂಗಳತೆಯಲ್ಲೇ ಇತ್ತು. ಒಂದೂ ಅತ್ತ ಹೋಗಲಿಲ್ಲ. ನಾನು ಕಿಟಕಿ ಮುಚ್ಚಿದೆ. ಆಮೇಲೆ ಜೋರು ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಉದುರಿದ ಹೂವಿನ ಜೊತೆ ಅವೂ ಬಿದ್ದಿದ್ದವು.

ಅತ್ತೆ ಬಂದವರೇ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಅಗಲೊತ್ತು ಎತ್ತಿಸ್ದಾ? ಅವಕ್ಕೆ ಪೆಟ್ಗೆ ಗುರ್ತಿಲ್ಲ ಕಣವ್ವ, ಜಾಗ ಗುರ್ತು." ಪೆಟ್ಟಿಗೆ ತೆರೆದು ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ತಂದು ತುಂಬುವ ಹುಳವೇ ಉಳಿದಿರಲಿಲ್ಲ. ಇದ್ದ ಚೂರುಪಾರು ಜೇನು ಒಳಗಿನ ಮರಿಗಳಿಗೇ ಬೇಕಿತ್ತು.

"ಬೈದುಬಿಡಿ ಅತ್ತೆ" ಅಂದೆ.

"ಬೈದ್ರೆ ಒಂಗೆ ತಿರ್ಗಾ ಊ ಬಿಟ್ಟದಾ? ಓಗು, ಕೂಸು ಅಳ್ತಾ ಅದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಂಜನಗೂಡಿನ ಅಂಗಡಿಯಿಂದ ಒಂದು ಬಾಟಲಿ ತಂದು ಅರ್ಪಿತಳಿಗೆ ಕೊಟ್ಟರಾಯಿತು, ಅವಳಿಗೇನು ಗೊತ್ತಾಗುತ್ತದೆ ಎಂದರು ಇವರು. ನನಗೆ ಮನಸ್ಸಾಗಲಿಲ್ಲ.

ಅಪ್ಪನ ಮಂಡಿನೋವು ಹೇಗಿದೆ? ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ. ಅರ್ಪಿತಳ ಬೆನ್ನ ಮೇಲೂ ಇರಲಿ.

ನಿನ್ನ ಮಗಳು,
ಶಿವರಂಜನಿ

ಮರೆತ ಮಾತು: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅರ್ಪಿತ ಮಲಗಿದ್ದಾಗ ಅವಳಿಗೆ ಹೇಳದೆ ಬಸ್ಸು ಹತ್ತಿದೆನಲ್ಲ, "ದಾರಿಯುದ್ದ ಅತ್ತಿರಬೇಕು ನೀನು" ಎಂದು ನೀನು ಬರೆದಿದ್ದೆ. ಅಳಲಿಲ್ಲ ಅವ್ವ. ಮಗುವನ್ನು ಇವರ ಮಡಿಲಿಗೆ ಹಾಕಿ, ನರಸೀಪುರ ದಾಟುವ ಮೊದಲೇ ನಿದ್ದೆ ಹೋದೆ. ಸೆರಗು ಜಗ್ಗುವ ಕೈಯೊಂದು ಕಡಿಮೆಯಾಯಿತೆಂದು ಹಾಯೆನಿಸಿತ್ತು. ಆಮೇಲೆ ಹಾಗೆ ನಿದ್ದೆ ಮಾಡಿಲ್ಲ. ಭಾನುವಾರ ಬರುತ್ತಿದ್ದೇನೆ. ಅವಳ ಕೈಯಿಂದ ಲೋಟ ತೆಗೆದಿಡಬೇಡ. ಜೇನು ತಂದಿಲ್ಲವೆಂದು ನಾನೇ ಹೇಳಿ, ಅವಳು ಎಚ್ಚರವಿರುವಾಗಲೇ ಕರೆದುಕೊಂಡು ಬರುತ್ತೇನೆ.