ಎರಡೂ ಎಡಗೈ

ಕಾಕಾ,

ಮಧ್ಯಾಹ್ನ ಹೊಲಿಗೆ ಮಶಿನ್ನಿನ ಮೇಲೆ ತಲೆಯಿಟ್ಟಲ್ಲೇ ಕಣ್ಣು ಹತ್ತಿತ್ತು. ಕೆಟ್ಟ ಕನಸು. ಕುರಕುಂಭದ ಆ ಕೆಮಿಕಲ್ ಫ್ಯಾಕ್ಟರಿಯ ಗೇಟಿನಲ್ಲಿ ನಿಂತಿದ್ದೇನೆ, ನನ್ನ ಎರಡೂ ಕೈ ಎಡಗೈಗಳೇ. ಹೆಬ್ಬೆರಳುಗಳು ಒಂದೇ ಕಡೆ ತಿರುಗಿವೆ. ನೀನು ದೂರದಲ್ಲಿ ನಿಂತು ಏನೋ ಹೇಳುತ್ತೀ, ಕೇಳಿಸುವುದಿಲ್ಲ. ಎಚ್ಚರಾದ ಮೇಲೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡೆ. ನಗಬೇಡ. ನಾಳೆ ಹತ್ತು ಗಂಟೆಗೆ ಅದೇ ಗೇಟಿಗೆ ಹೋಗುವುದಿದೆ. ನಿನ್ನನ್ನು ಕಳ್ಳ ಎಂದವನೂ ಅಲ್ಲಿಗೇ ಬರುತ್ತಾನೆ.

ಶಾಲೆಯನ್ನು ಏಳನೇ ಇಯತ್ತೆಯಲ್ಲಿ ಅರ್ಧಕ್ಕೆ ಬಿಟ್ಟು ನಿನ್ನ ಶೆಡ್ಡಿಗೆ ಬಂದ ದಿನ ನೆನಪಿದೆಯೇ? ಕ್ಯಾನ್ವಾಸಿನ ಕೈಗವಸಿಗೆ ಹೆಬ್ಬೆರಳು ಕೂಡಿಸುವುದನ್ನು ಕಲಿಸುತ್ತ ಗಿರಾಕಿಗಳ ಪಾಠವನ್ನೂ ಹೇಳಿದ್ದೆ. “ಶಾಂತಾ, ಲೋಣಾವಳಾದ ಚಿಕ್ಕಿ ಅಂಗಡಿಯಾಂವ ತಾನ ಹಾಕ್ಕೊಂಡು ನೋಡಿ ತಾನ ತಗೋತಾನ. ಪ್ಯಾಟ್ಯಾಗಿನ ವ್ಯಾಪಾರಿ ಅದನ್ನ ಮತ್ತೊಬ್ಬಗ ಮಾರಾಂವ, ತನ್ನ ಗಿರಾಕಿ ಕಣ್ಣಿಲೆ ನೋಡ್ತಾನ. ಬಸ್ ಡಿಪೋದಾಂವ ಬರೇ ಕಾಗದ ನೋಡ್ತಾನ. ಫ್ಯಾಕ್ಟರಿ ಭಾಳ ಬೆರಕಿ. ಅಲ್ಲಿ ಹಾಕ್ಕೊಳ್ಳಾಂವ ಬ್ಯಾರೆ, ಸಹಿ ಮಾಡಾಂವ ಬ್ಯಾರೆ. ಸಹಿ ಮಾಡಾವನ ಕೈ ಸುಡಂಗಿಲ್ಲ ನೋಡವ್ವ.”

ಕುರಕುಂಭದವರು ಮಾದರಿ ಒಪ್ಪಿದ ದಿನ ನೀನು ಪೇಢೆ ತಂದಿದ್ದೆ. ಒಪ್ಪಿದ ಜೋಡಿಯನ್ನು ಅಗಲಿಸಿ, ಒಂದು ಕೊಳ್ಳುವವರ ಕಪಾಟಿಗೆ, ಒಂದು ನಮ್ಮ ಟ್ರಂಕಿಗೆ. ಎರಡಕ್ಕೂ ಚೀಟಿ, ಚೀಟಿಯ ಮೇಲೆ ಇಬ್ಬರ ಸಹಿ. ಮುಂದೆ ಮಾಲಿನ ಬಗ್ಗೆ ತಕರಾರು ಬಂದರೆ ಹೋಲಿಸಿ ನೋಡಲು. ಮಂದಿಯೆಲ್ಲ ಎಡಗೈಯದು ಕೊಟ್ಟು ಬಲಗೈಯದು ಇಟ್ಟುಕೊಂಡರೆ ನೀನು ಉಲ್ಟಾ. ಎಡಚ ತಾನೆ! “ಎಲ್ಲಾದ್ರಾಗೂ ನಿಮ್ಮದೊಂದು ಬ್ಯಾರೆ” ಎಂದು ಒಳಗಿನಿಂದ ಕಾಕು ಬೈದರೆ, “ನನ್ನ ಕೈದು ನನ್ನ ಹಂತ್ಯಾಕ ಇರ್ಲಿ ಬಿಡ” ಎನ್ನುತ್ತಿದ್ದೆ.

ಎರಡನೇ ಲಾಟು ಇಳಿಸಲು ಹೋದ ದಿನ ನಾನೂ ಟೆಂಪೋದಲ್ಲಿದ್ದೆ. ಪರ್ಚೇಸ್ ಸಾಹೇಬ ಗೇಟಿಗೇ ಬಂದು, ನಮ್ಮದೇ ಒಂದು ಕೈಗವಸನ್ನು ನಿನ್ನ ಎದೆಗೆ ಎಸೆದ. ಮಾದರಿ ದಪ್ಪ, ಮಾಲು ತೆಳು, “ಚೋರ್ ಆಹೇಸ್ ತೂ” ಎಂದ. “ಸಾಹೇಬ್ರ, ಆ ಮಾದರಿ ಒಮ್ಮೆ ತೋರಸ್ರಿ” ಎಂದು ಎಷ್ಟು ಸಲ ಬೇಡಿದೆ? ಒಳಗೇ ಬಿಡಲಿಲ್ಲ. ಉಳಿದ ಸಪ್ಲಾಯರುಗಳು ನಿಂತು ನೋಡಿದರು. ಮುಂದಿನ ವಾರದಿಂದ ಅವನ ಭಾವಮೈದುನನ ಮಾಲು ಹೋಗತೊಡಗಿತು. ಆಮೇಲೆ ನೀನು ಯಾವ ಅಂಗಡಿಯ ಮೆಟ್ಟಿಲನ್ನೂ ತಲೆಯೆತ್ತಿ ಹತ್ತಲಿಲ್ಲ. ಕೊನೆಯ ದಿನ ಆಸ್ಪತ್ರೆಯಲ್ಲಿ ಕೂಡ, “ನಾ ತೆಳು ಹಾಕಿದ್ದಿಲ್ಲವ್ವ” ಅಂದೆ. ನಾನು ಮುಖ ತಿರುಗಿಸಿ ನಿನ್ನ ಹೊದಿಕೆ ಸರಿಪಡಿಸಿದೆ. “ಗೊತ್ತು ಕಾಕಾ” ಎನ್ನಬೇಕಿತ್ತು...

ಹೋದ ತಿಂಗಳು ಆ ಫ್ಯಾಕ್ಟರಿಗೆ ಹೋದಾಗ ಆಫೀಸಿನ ಕಡೆ ನೋಡಲೇ ಇಲ್ಲ, ಕಾಕಾ. ನೀನು ಹೇಳಿದಂತೆ ಹಾಕಿಕೊಳ್ಳುವವರನ್ನು ಹುಡುಕಿದೆ. ಬಾಯ್ಲರ್ ಕೆಲಸದವರು ಚಹಾದಂಗಡಿಯಲ್ಲಿ ಅಂಗೈ ಬೊಬ್ಬೆ ತೋರಿಸಿದರು. ನಮ್ಮ ಕೈಗವಸು ಕೊಟ್ಟೆ. ಇವೇ ಬೇಕೆಂದು ಅವರೇ ಮೇಲಿನವರ ಬೆನ್ನು ಹತ್ತಿದರು. ಪರ್ಚೇಸಿನಲ್ಲಿ ಈಗ ಒಬ್ಬ ಮೇಡಂ ಇದ್ದಾರೆ. ಹಳೆಯ ಸಾಹೇಬ ನಿವೃತ್ತನಾಗಿ ಭಾವಮೈದುನನ ಮಾಲು ಹೊತ್ತು ತಿರುಗುತ್ತಾನೆ. ನಾಳೆ ನನ್ನನ್ನೂ ಅವನನ್ನೂ ಎದುರುಬದುರು ಕರೆದಿದ್ದಾರೆ. ಮೇಡಂ ಹಳೆಯ ಮಾದರಿಗಳ ಕಪಾಟು ತೆಗೆಸಿದರು. ನಿನ್ನ ಸಹಿಯ ಚೀಟಿ ಕಟ್ಟಿದ್ದು ದಪ್ಪನೆಯ ಎಡಗೈ ಗವಸಿಗೆ! ಮನೆಗೆ ಬಂದು ಟ್ರಂಕು ತೆಗೆದೆ. ಅವನ ಸಹಿಯಿರುವ ನಮ್ಮದೂ ಎಡಗೈಯದೇ, ನಾವು ಕೊಟ್ಟ ಮಾಲಿನಂತೆ ತೆಳ್ಳಗಿನದು. ಚೀಟಿ ಬಿಚ್ಚಿ ಬೇರೆ ಗವಸಿಗೆ ಕಟ್ಟುವಾಗ ಆ ಕಳ್ಳ ಎಲ್ಲರ ರೂಢಿ ನೋಡಿ ಎಡಗೈಯದನ್ನೇ ಆರಿಸಿದ. ನಿನ್ನ ರೂಢಿ ಅವನಿಗೇನು ಗೊತ್ತು?

ಲೋಣಾವಳಾಕ್ಕೆ ಹೋದ ದಿನ ಬಿರುಮಳೆ. ಟ್ರಂಕಿನ ಗವಸನ್ನು ನಾವೇ ಬದಲಿಸಿದೆವು ಎಂದು ಅವನು ತಿರುಗಿಬಿದ್ದರೆ? ಅದಕ್ಕೇ ನೀನು ಬೇರೆಯವರಿಗೆ ಕೊಟ್ಟ ಮಾದರಿಗಳನ್ನು ನೋಡಲು ಹೋದೆ. “ಮಾದರಿ ಎತ್ತಿಟ್ಟು ಪೂಜಿ ಮಾಡಬೇಕಿತ್ತೇನ?” ಎಂದು ಚಿಕ್ಕಿ ಅಂಗಡಿಯ ಅಜ್ಜ ನಕ್ಕು, ಬೆಲ್ಲದಲ್ಲಿ ಕಪ್ಪಗಾದ ಗವಸನ್ನು ಒಲೆಯ ಪಕ್ಕದಿಂದ ಎತ್ತಿಕೊಟ್ಟ. ಬಲಗೈಯದು. ಇಂದಾಪುರದ ಬಸ್ ಡಿಪೋದಲ್ಲಿ ನಿನ್ನ ಮಾದರಿ ಒಮ್ಮೆಯೂ ಯಾರ ಕೈಗೂ ಏರದೆ ಫೈಲಿನಲ್ಲಿತ್ತು, ಬೆರಳುಗಳ ಮೇಲೂ ಆಫೀಸಿನ ಮೊಹರು. ಅದೂ ಬಲಗೈಯದು. ನೀನು ಎಲ್ಲರಿಗೂ ಬಲಗೈಯದೇ ಕೊಟ್ಟಿದ್ದೆ.

ಗೇಟಿನಲ್ಲಿ ಅವನು ಎಸೆದ ಗವಸನ್ನು ನೀನು ಬಗ್ಗಿ ಎತ್ತಿಕೊಂಡೆಯಲ್ಲ, ಅದು ನನ್ನ ಕಣ್ಣಿನಿಂದ ಹೋಗುವುದಿಲ್ಲ. ಆರ್ಡರು ಸಿಗಲಿ ಬಿಡಲಿ, ಎಲ್ಲರ ಮುಂದೆ ಎರಡನ್ನೂ ಅವನ ಮುಂದಿಟ್ಟು ಕೇಳುತ್ತೇನೆ, “ಸಾಹೇಬ್ರ, ನೀವ ಸಹಿ ಮಾಡಿದ ಜೋಡಿ. ಹಾಕ್ಕೊಂಡು ತೋರಸ್ರಿ.” ಅವನು ಬಲಗೈ ಹೆಬ್ಬೆರಳನ್ನು ಎಲ್ಲಿ ತೂರಿಸುತ್ತಾನೆ, ನೋಡಬೇಕು. ಗೇಟು ದಾಟುವವರೆಗೂ ಅವನು ತಲೆಯೆತ್ತಬಾರದು.

ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ. ಕುರಕುಂಭಕ್ಕೆ ಒಯ್ದ ಆ ಮಾದರಿ ಜೋಡಿಗೆ ದಾರ ಸುತ್ತಿ ನಿನ್ನ ಚೀಲಕ್ಕೆ ಹಾಕಿದವಳು ನಾನು. ಆಗ ಶೆಡ್ಡಿನಲ್ಲಿ ದಪ್ಪನೆಯವೂ ತೆಳ್ಳಗಿನವೂ ಒಂದೇ ಗುಡ್ಡೆಯಲ್ಲಿ ಬೀಳುತ್ತಿದ್ದವು. ನಾನೇ ಎರಡು ಎಡಗೈಯವನ್ನು... ಇಲ್ಲ, ಹಾಗಾಗಿರಲಿಕ್ಕಿಲ್ಲ. ಚೀಟಿ ಕಟ್ಟುವಾಗ ನೀನು ನೋಡಿಯೇ ಇರುತ್ತೀ. ಕಾಕಾ, ಇನ್ನೊಮ್ಮೆ ನೆನಪು ಮಾಡಿಕೊಂಡು ಹೇಳು. ನಿನ್ನ ಚೀಲದಲ್ಲಿ ಒಂದು ಬಲಗೈಯದು ಇತ್ತಲ್ಲ?

ನಿನ್ನ
ಶಾಂತಾ